ಮಳೆಯಿಂದಾದ ಕಲ್ಲು: ಮಲೆನಾಡಿನ ಜಂಬಿಟ್ಟಿಗೆ

ಸಾಗರ, ಹೊಸನಗರದ ಕಡೆ ಬೇಸಿಗೆಯಲ್ಲಿ ಹೊಸ ಬಾವಿ ತೋಡುವಾಗ ಅದರ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಬೇಕು. ಮೊದಲು ತೆಳುವಾದ ಕಂದು ಮಣ್ಣು, ಅದರಡಿಯಲ್ಲಿ ತೂತು ತೂತಾದ ಕೆಂಪು ಜಂಬಿಟ್ಟಿಗೆ, ಇನ್ನೂ ಕೆಳಗೆ ಬಿಳಿ, ಹಳದಿ ಬಣ್ಣಗಳ ಮೆತ್ತನೆಯ ಶೇಡಿ ಮಣ್ಣು, ಕೊನೆಗೆ ಹಾರೆಗೆ ಜಗ್ಗದ ಬೂದು ಬಂಡೆ. ಇವೆಲ್ಲ ಬೇರೆ ಬೇರೆ ಕಾಲದಲ್ಲಿ ಎಲ್ಲಿಂದಲೋ ಬಂದು ಒಂದರ ಮೇಲೊಂದು ಕೂತ ಪದರಗಳೆಂದು ವಿದ್ಯಾರ್ಥಿಗಳು ತಿಳಿಯುವುದು ಸಹಜ. ಆದರೆ ಸಾಮಾನ್ಯವಾಗಿ ಮೇಲಿನ ಮೂರೂ ಆ ಬೂದು ಬಂಡೆಯಿಂದಲೇ, ಅದು ಇದ್ದ ಜಾಗದಲ್ಲಿಯೇ ಹುಟ್ಟಿದವು.

ಈ ಸೀಮೆಯ ತಳದಲ್ಲಿ ಅನೇಕ ಕಡೆ ಇರುವುದು ನೈಸ್ ಎಂಬ ಪಟ್ಟೆಪಟ್ಟೆಯಾದ ಶಿಲೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಆಳದ ಕಾವು ಮತ್ತು ಒತ್ತಡದಲ್ಲಿ ರೂಪುಗೊಂಡ ಈ ಶಿಲೆಯನ್ನು ಮೇಲ್ಮೈಯಲ್ಲಿ ಬದಲಾಯಿಸುವುದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಗಾಳಿಯಲ್ಲಿರುವ, ಅದಕ್ಕಿಂತ ಮುಖ್ಯವಾಗಿ ಕಾಡಿನ ದರಗು (ಒಣಗಿ ಉದುರಿದ ಎಲೆ) ಕೊಳೆಯುವಾಗ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡ ನೀರು ದುರ್ಬಲ ಆಮ್ಲವಾಗಿ ಬಂಡೆಯ ಬಿರುಕುಗಳಿಗೆ ಇಳಿದು, ಅಲ್ಲಿನ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಜೇಡಿಯಾಗಿ ಮಾರ್ಪಡಿಸುತ್ತದೆ. ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳು ನೀರಿನೊಡನೆ ಕರಗಿ ಹೊಳೆ ಸೇರುತ್ತವೆ. ಸಿಲಿಕಾ ಕೂಡ ನಿಧಾನವಾಗಿ ಅದೇ ದಾರಿ ಹಿಡಿಯುತ್ತದೆ. ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಅಲ್ಲಿಯೇ ಉಳಿಯುತ್ತವೆ. ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುವ ಅಂತರ್ಜಲ ಕಬ್ಬಿಣವನ್ನು ಸ್ವಲ್ಪ ಸ್ವಲ್ಪವೇ ಸಾಗಿಸುತ್ತದೆ. ಗಾಳಿ ತಾಗಿದಲ್ಲಿ ಅದು ಆಕ್ಸೈಡಾಗಿ ನೆಲೆಗೊಂಡು ಕೆಂಪಾಗುತ್ತದೆ. ಕರಗಿ ಹೋದ ಭಾಗಗಳ ಜಾಗದಲ್ಲಿ ತೂತುಗಳು ಉಳಿಯುತ್ತವೆ. ಇದು ಲಕ್ಷಾಂತರ ವರ್ಷಗಳ ಕೆಲಸ. ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂಬ ಪಠ್ಯಪುಸ್ತಕದ ಮೂರು ಗುಂಪುಗಳಲ್ಲಿ ಇದನ್ನು ಕೂರಿಸುವುದು ಕಷ್ಟ. ಉಳಿಕೆಯಿಂದಾದ ಶಿಲೆ ಎನ್ನುವುದೇ ಸರಿ.

ನೆಲದಡಿಯಲ್ಲಿ ತೇವವಾಗಿರುವ ಜಂಬಿಟ್ಟಿಗೆಯನ್ನು ಕೈ ಉಪಕರಣಗಳಿಂದಲೇ ಕಡಿದು ತೆಗೆಯಬಹುದು. ಹೊರಗೆ ಬಿಸಿಲಿನಲ್ಲಿ ಒಣಗಿದಂತೆ ಅದರೊಳಗಿನ ಕಬ್ಬಿಣದ ಆಕ್ಸೈಡುಗಳು ಬಿಗಿದುಕೊಂಡು ಕಲ್ಲು ಗಟ್ಟಿಯಾಗುತ್ತದೆ. ಸುಡದೆಯೇ ಸಿದ್ಧವಾಗುವ ಇಟ್ಟಿಗೆಯಿದು. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಕೇರಳದ ಅಂಗಾಡಿಪುರಂನಲ್ಲಿ ಇದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ವರದಿಯಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಎಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆ ಎಂಬ ಮಾತಿನಲ್ಲಿಯೂ ಇಟ್ಟಿಗೆ ಇದೆಯೆಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಕಬ್ಬಿಣ ತುಂಬಿದ ಮೇಲಿನ ಭಾಗ ಕೆಮ್ಮಣ್ಣು, ಕಬ್ಬಿಣ ಕಳೆದುಕೊಂಡ ಕೆಳಗಿನ ಭಾಗ ಬಿಳಿ ಶೇಡಿ. ಇವೆರಡೂ ಊರಿನ ಮನೆಗಳ ಗೋಡೆಗೆ ಬಳಿಯುವ ಬಣ್ಣಗಳೇ ಆಗಿದ್ದವು.

ಸುಣ್ಣದಂಶ, ಪೊಟ್ಯಾಷ್‌ಗಳು ತೊಳೆದುಹೋದ ಈ ಮಣ್ಣು ಹುಳಿಯಾಗಿರುತ್ತದೆ, ಸತ್ವವೂ ಕಡಿಮೆ. ಅಡಿಕೆ ಬೆಳೆಗಾರರು ತೋಟಕ್ಕೆ ಸುಣ್ಣ ಹಾಕುವುದಕ್ಕೂ, ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಗು ತಂದು ಕೊಟ್ಟಿಗೆಯಲ್ಲಿ ಗೊಬ್ಬರವಾಗಿಸಿ ಮರಗಳ ಬುಡಕ್ಕೆ ಹಾಕುವುದಕ್ಕೂ ಇದೇ ಕಾರಣ. ಮಳೆ ಆಳಕ್ಕೆ ಒಯ್ದ ಪೋಷಕಾಂಶಗಳಲ್ಲಿ ಒಂದಿಷ್ಟನ್ನು ಕಾಡಿನ ಬೇರುಗಳು ಮೇಲೆತ್ತಿ ಎಲೆಗೆ ಸೇರಿಸಿರುತ್ತವೆ. ರೈತ ಅದನ್ನು ತೋಟದ ನೆಲಕ್ಕೆ ಕೊಡುತ್ತಾನೆ.

ನೀರಿನ ನಡೆಯನ್ನೂ ಈ ಪದರಗಳೇ ನಿರ್ಧರಿಸುತ್ತವೆ. ಜಂಬಿಟ್ಟಿಗೆಯ ತೂತುಗಳಲ್ಲಿ ಸರಾಗವಾಗಿ ಇಳಿದ ನೀರು ಶೇಡಿಯನ್ನು ತಲುಪಿದಾಗ ತಡೆದು ನಿಂತು ಅಡ್ಡಲಾಗಿ ಹರಿಯುತ್ತದೆ. ಗುಡ್ಡದ ಬದಿಯಲ್ಲಿ ಅದು ಒರತೆಯಾಗಿ ಹೊರಬೀಳುವ ಜಾಗವನ್ನು ನೋಡಿಕೊಂಡೇ ಹಿರಿಯರು ಕೆರೆ ಕಟ್ಟಿದರು. ರಸ್ತೆಗಾಗಿ ಗುಡ್ಡವನ್ನು ನೇರವಾಗಿ ಕಡಿದು ಶೇಡಿಯ ಪದರವನ್ನು ಬಯಲಿಗೆ ಬಿಟ್ಟರೆ, ಆಷಾಢದ ಮಳೆಯಲ್ಲಿ ಅದೇ ಪದರ ನೆನೆದು ಹಿಡಿತ ಕಳೆದುಕೊಂಡು, ಮೇಲಿನ ಜಂಬಿಟ್ಟಿಗೆಯ ಭಾರವನ್ನು ಹೊತ್ತುಕೊಂಡೇ ಜಾರುತ್ತದೆ.