‘ಸಮಾಧಾನಪಡಿಸುವವರು ಧನ್ಯರು’ ಅಂದರೆ ಜಗಳ ಕಂಡಾಗ ಸುಮ್ಮನಿರುವುದೇ?

ಪ್ರಶ್ನೆ: ನಮ್ಮ ಸಭೆಯಲ್ಲಿ ಇಬ್ಬರು ಮಾತು ಬಿಟ್ಟಿದ್ದಾರೆ. ಬಾಯಿ ಹಾಕಿದರೆ ಜಗಳ ಹೆಚ್ಚಬಹುದು, ಸುಮ್ಮನಿದ್ದರೆ ಮನಸ್ಸು ಕೇಳುವುದಿಲ್ಲ. ಯೇಸು ಧನ್ಯರೆಂದು ಕರೆದದ್ದು ಯಾರನ್ನು, ಜಗಳದಿಂದ ದೂರ ಉಳಿಯುವವರನ್ನೋ, ನಡುವೆ ಹೋಗುವವರನ್ನೋ?

ಉತ್ತರ: ನಡುವೆ ಹೋಗುವವರನ್ನು. ಆದರೆ ಹೇಗೆ ಹೋಗುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಗೊಂದಲಕ್ಕೆ ಅರ್ಧ ಕಾರಣ ನಮ್ಮ ಕನ್ನಡ ಪದವೇ. ಅಳುವ ಮಗುವನ್ನು ಸಮಾಧಾನಪಡಿಸುತ್ತೇವೆ, ಸಾವಿನ ಮನೆಗೆ ಹೋಗಿ ಸಮಾಧಾನ ಹೇಳುತ್ತೇವೆ. ಅಲ್ಲೆಲ್ಲ ಅಳು ನಿಂತರೆ ಕೆಲಸ ಮುಗಿಯಿತು. ಮತ್ತಾಯ 5:9ರ ಗ್ರೀಕ್ ಮೂಲದಲ್ಲಿರುವ ಪದ ‘ಐರೆನೊಪೊಯೊಯ್’. ಐರೆನೆ ಎಂದರೆ ಸಮಾಧಾನ, ಪೊಯೆಯೊ ಎಂದರೆ ಮಾಡು, ಉಂಟುಮಾಡು. ಇಲ್ಲದಿದ್ದ ಸಮಾಧಾನವನ್ನು ಉಂಟುಮಾಡುವವರು ಎಂದರ್ಥ. ಈ ನಾಮಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಇದೊಂದೇ ಕಡೆ. ಇದರ ಕ್ರಿಯಾಪದವೂ ಒಮ್ಮೆ ಮಾತ್ರ, ಕೊಲೊಸ್ಸೆಯವರಿಗೆ 1:20ರಲ್ಲಿ, ಬರುತ್ತದೆ. ಅಲ್ಲಿ ಹೇಳಿರುವುದು ಶಿಲುಬೆಯ ರಕ್ತದಿಂದ ಆದ ಸಮಾಧಾನವನ್ನು. ಮತ್ತಾಯ 5:9 ಮುಂದುವರಿದು ಹೇಳುವ ‘ದೇವರ ಮಕ್ಕಳು’ ಎನಿಸಿಕೊಳ್ಳುವರು ಎಂಬ ಮಾತಿನ ಹಿಂದೆ ಇರುವುದು ಈ ಹೋಲಿಕೆಯೇ: ತಂದೆ ಮಾಡಿದ ಕೆಲಸವನ್ನು ಮಕ್ಕಳೂ ಮಾಡುತ್ತಾರೆ, ಅದಕ್ಕೆ ಬೆಲೆಯನ್ನೂ ತೆರುತ್ತಾರೆ.

ಗಾಯ ಮಾಗದೆ ಮೇಲೆ ತೇಪೆ ಹಚ್ಚುವುದನ್ನು ಬೈಬಲ್ ಎಲ್ಲೂ ಹೊಗಳಿಲ್ಲ. ಸಮಾಧಾನವಿಲ್ಲದಿರುವಾಗ ‘ಸಮಾಧಾನ, ಸಮಾಧಾನ’ ಎಂದು ಹೇಳಿ ಜನರ ಗಾಯವನ್ನು ಮೇಲೆ ಮೇಲೆ ವಾಸಿಮಾಡುವವರನ್ನು ಯೆರೆಮೀಯ (6:14) ಖಂಡಿಸುತ್ತಾನೆ. ಯೆಹೆಜ್ಕೇಲನ 13ನೆಯ ಅಧ್ಯಾಯದಲ್ಲಿ ಅದೇ ಜನ ಬಿರುಕು ಗೋಡೆಗೆ ಸುಣ್ಣ ಬಳಿಯುವವರು; ಮಳೆ ಬಂದರೆ ಗೋಡೆಯೂ ಸುಣ್ಣವೂ ಒಟ್ಟಿಗೆ ಬೀಳುತ್ತವೆ. ಪ್ರಾರ್ಥನೆಯ ಕೊನೆಗೆ ಇಬ್ಬರನ್ನೂ ನಿಲ್ಲಿಸಿ ಕೈ ಕುಲುಕಿಸಿ ಕಳುಹಿಸುವುದು ಹೆಚ್ಚಾಗಿ ಈ ಸುಣ್ಣ ಬಳಿಯುವ ಕೆಲಸವೇ.

ಮೊದಲು ನಿಮ್ಮದೇ ಜಗಳದಿಂದ ಆರಂಭಿಸೋಣ. ಯೇಸು ಎರಡು ಸಂದರ್ಭ ಹೇಳುತ್ತಾರೆ. ಮತ್ತಾಯ 5:23-24ರಲ್ಲಿ ಯಜ್ಞವೇದಿಗೆ ಕಾಣಿಕೆ ತಂದಿರುವಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ದೂರಿದೆ ಎಂದು ನೆನಪಾಗುತ್ತದೆ: ಕಾಣಿಕೆ ಬಿಟ್ಟು ನೀನು ಹೋಗು. 18:15ರಲ್ಲಿ ಅವನೇ ನಿನಗೆ ತಪ್ಪು ಮಾಡಿದ್ದಾನೆ: ಆಗಲೂ ನೀನೇ ಹೋಗು. ‘ಅವನೇ ಬರಲಿ’ ಎಂದು ಕಾಯಲು ಎರಡರಲ್ಲೂ ಜಾಗವಿಲ್ಲ. ಮೊದಲನೆಯ ಮಾತನ್ನು ಕೇಳಿದವರಲ್ಲಿ ಗಲಿಲಾಯದವರಿದ್ದರು, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ, ಕಾಲ್ನಡಿಗೆಯಲ್ಲಿ ಕನಿಷ್ಠ ಮೂರು ದಿನ. ಕಾಣಿಕೆಯನ್ನು ಅಲ್ಲೇ ಬಿಟ್ಟು ಊರಿಗೆ ಹೋಗಿ ಒಂದಾಗಿ ಮತ್ತೆ ಬಾ ಎಂದರೆ ವಾರದ ಲೆಕ್ಕ. ಆ ಮಾತು ಅವರಿಗೆ ಎಷ್ಟು ಭಾರವಾಗಿ ಕೇಳಿಸಿರಬೇಕು!

ಮತ್ತಾಯ 18ರ ಕ್ರಮ ಗೊತ್ತಿರುವಂಥದ್ದೇ: ಮೊದಲು ಇಬ್ಬರೇ, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳು, ಆಮೇಲೆ ಸಭೆ. ಕೆಡುವುದು ಕ್ರಮ ತಿರುಗಿದಾಗ. ಪಾಸ್ಟರಿಗೆ ಮೊದಲು ಫೋನ್ ಮಾಡಿದರೆ, ಗ್ರೂಪಿನಲ್ಲಿ ‘ಕೆಲವರು ಹೀಗೆ ಮಾಡುತ್ತಾರೆ’ ಎಂದು ಹಾಕಿದರೆ, ಪ್ರಾರ್ಥನಾ ವಿಷಯವೆಂದು ನಾಲ್ಕು ಜನರ ಕಿವಿಗೆ ಹಾಕಿದರೆ, ಮೂರನೆಯ ಮೆಟ್ಟಿಲನ್ನು ಮೊದಲೇ ಹತ್ತಿದಂತೆ. ಅಷ್ಟು ಜನರ ಮುಂದೆ ಮಾನ ಹೋದ ಮೇಲೆ ತಪ್ಪು ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ.

ತಪ್ಪು ನಿಮ್ಮದಾಗಿದ್ದರೆ ಕ್ಷಮೆ ಕೇಳುವ ವಾಕ್ಯದ ಕಡೆ ಗಮನವಿರಲಿ. ‘ನಿಮಗೆ ನೋವಾಗಿದ್ದರೆ ಕ್ಷಮಿಸಿ’ ಎನ್ನುವಾಗ ಆ ‘ದ್ದರೆ’ ಎಲ್ಲವನ್ನೂ ಹಾಳುಮಾಡುತ್ತದೆ; ನೋವಾಯಿತೋ ಇಲ್ಲವೋ ಎಂಬ ಅನುಮಾನವನ್ನು ಎದುರಿನವರ ತಲೆಗೇ ಕಟ್ಟುತ್ತದೆ. ‘ಭಾನುವಾರ ಎಲ್ಲರೆದುರು ನಿಮ್ಮನ್ನು ಸುಳ್ಳುಗಾರ ಎಂದೆ. ಅದು ನನ್ನ ತಪ್ಪು’ ಎನ್ನಿ, ಅಲ್ಲಿಗೆ ನಿಲ್ಲಿಸಿ. ‘ಆದರೆ ನೀವೂ...’ ಎಂದು ಮುಂದುವರಿದರೆ ಹಿಂದೆ ಹೇಳಿದ್ದೆಲ್ಲ ಅಳಿಸಿಹೋಗುತ್ತದೆ. ಎಲ್ಲರ ಮುಂದೆ ಅಂದ ಮಾತನ್ನು ಎಲ್ಲರ ಮುಂದೆಯೇ ಹಿಂತೆಗೆದುಕೊಳ್ಳಬೇಕು.

ಹಣ, ಆಸ್ತಿಯ ವಿಷಯವಾದರೆ ಮಾತು ಸಾಲದು. ಹೀಬ್ರೂವಿನ ‘ಶಾಲೋಮ್’ (ಸಮಾಧಾನ) ಮತ್ತು ವಿಮೋಚನಕಾಂಡ 22ರಲ್ಲಿ ‘ಬದಲು ಕೊಡಬೇಕು’ ಎಂಬುದಕ್ಕಿರುವ ಕ್ರಿಯಾಪದ ಒಂದೇ ಧಾತುವಿನವು. ಕೊರತೆ ತುಂಬಿದ ಮೇಲೆಯೇ ಶಾಲೋಮ್. ಅರಣ್ಯಕಾಂಡ 5:7ರ ಲೆಕ್ಕ ತೆಗೆದುಕೊಂಡಷ್ಟು, ಜೊತೆಗೆ ಅದರ ಐದರಲ್ಲೊಂದು ಪಾಲು: 10,000 ತೆಗೆದವನು 12,000 ಕೊಡಬೇಕು. ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ ಜಕ್ಕಾಯ (ಲೂಕ 19:8) ಆ ಲೆಕ್ಕವನ್ನೂ ದಾಟಿದ.

ಈಗ ನೀವು ಕೇಳಿದ ವಿಷಯ, ಬೇರೆಯವರ ಜಗಳ. ದಾರಿಯಲ್ಲಿ ಹೋಗುತ್ತಾ ಪರರ ಜಗಳಕ್ಕೆ ತಲೆಹಾಕುವುದು ನಾಯಿಯ ಕಿವಿ ಹಿಡಿದಂತೆ ಎನ್ನುತ್ತದೆ ಜ್ಞಾನೋಕ್ತಿ 26:17. ಪಿತ್ರಾರ್ಜಿತದ ಪಾಲು ಮಾಡಿಕೊಡು ಎಂದು ಬಂದವನಿಗೆ ಯೇಸುವೇ ನ್ಯಾಯಾಧಿಪತಿಯಾಗಲು ಒಪ್ಪಲಿಲ್ಲ (ಲೂಕ 12:13-14). ಹಾಗಾಗಿ ಇಬ್ಬರೂ ನಂಬುವವರು ನೀವಾಗಿದ್ದರೆ, ‘ನಾನು ನಡುವೆ ಕೂರಲೇ?’ ಎಂದು ಇಬ್ಬರನ್ನೂ ಕೇಳಿಯೇ ಹೋಗಿ. ಫಿಲಿಪ್ಪಿಯ ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರು ಒಂದೇ ಮನಸ್ಸಿನವರಾಗಲಿ ಎಂದು ಪೌಲನು ಇಬ್ಬರನ್ನೂ ಹೆಸರು ಹಿಡಿದು, ಒಬ್ಬರ ಪಕ್ಷವನ್ನೂ ವಹಿಸದೆ, ಬೇಡಿಕೊಂಡ; ಅವರಿಗೆ ನೆರವಾಗಲು ಅಲ್ಲಿದ್ದ ಜೊತೆ ಕೆಲಸದವನಿಗೆ ಹೇಳಿದ (ಫಿಲಿಪ್ಪಿ 4:2-3).

ಇಬ್ಬರನ್ನೂ ಮೊದಲು ಬೇರೆ ಬೇರೆ ಕೂರಿಸಿ ಕೇಳಿ. ಮೊದಲು ವಾದಿಸಿದವನದೇ ಸರಿ ಎಂದು ತೋರುವುದು ಪ್ರತಿವಾದಿ ಬಂದು ವಿಚಾರಿಸುವ ತನಕ ಮಾತ್ರ (ಜ್ಞಾನೋಕ್ತಿ 18:17). ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ‘ಹೌದು, ಅದೇ’ ಎನ್ನುವ ತನಕ ಮುಂದೆ ಹೋಗಬೇಡಿ. ಅಲ್ಲಿನ ಮಾತನ್ನು ಇಲ್ಲಿಗೆ ಒಯ್ಯಬೇಡಿ. ಹೇಳಬೇಕಾದದ್ದನ್ನು ಅವರೇ ಎದುರೆದುರು ಕೂತು ಹೇಳಲಿ. ಕೊನೆಗೆ ಯಾರು, ಏನನ್ನು, ಯಾವ ದಿನದೊಳಗೆ ಮಾಡುತ್ತಾರೆ ಎಂದು ಬರೆದಿಡಿ. ‘ಇನ್ಮೇಲೆ ಚೆನ್ನಾಗಿರೋಣ’ ಎಂಬ ಒಪ್ಪಂದ ಮೊದಲ ಪರೀಕ್ಷೆಯಲ್ಲೇ ಬೀಳುತ್ತದೆ.

‘ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ’ ಎಂಬ ಗಾದೆಯನ್ನು ಮಾತ್ರ ಹೊರಗೇ ಬಿಟ್ಟು ಬನ್ನಿ. ಎಷ್ಟೋ ಜಗಳಗಳಲ್ಲಿ ಅದು ನಿಜವಲ್ಲ. ಒಬ್ಬ ಹೊಡೆದಿದ್ದಾನೆ, ಒಬ್ಬಳು ಹೊಡೆಸಿಕೊಂಡಿದ್ದಾಳೆ. ತಪ್ಪನ್ನು ಅರ್ಧರ್ಧ ಹಂಚಿದರೆ ಅದು ಇನ್ನೊಂದು ಏಟು. ಹಿಂಸೆ, ಲೈಂಗಿಕ ದೌರ್ಜನ್ಯ, ಮಕ್ಕಳ ಮೇಲಿನ ಕ್ರೌರ್ಯವಿದ್ದಲ್ಲಿ ‘ಮೊದಲು ನೀವಿಬ್ಬರೇ ಮಾತಾಡಿಕೊಳ್ಳಿ’ ಎನ್ನಬಾರದು. ಮೊದಲು ಸುರಕ್ಷಿತ ಜಾಗ, ಆಮೇಲೆ ಪೊಲೀಸರು. ಅಧಿಕಾರಿ ಕತ್ತಿ ಹಿಡಿದಿರುವುದು ಇದಕ್ಕೇ ಎನ್ನುತ್ತದೆ ರೋಮಾ 13:4. ಕ್ಷಮಿಸುವುದು ಒಬ್ಬರಿಂದ ಆಗುವ ಕೆಲಸ, ಒಂದಾಗುವುದಕ್ಕೆ ಇಬ್ಬರೂ ಬೇಕು. ಮನೆಗೆ ಹಿಂದಿರುಗುವುದು ಮೂರನೆಯ ಮಾತು, ಅದು ಕ್ಷಮೆಯ ಜೊತೆಗೆ ತಾನಾಗಿ ಬರುವುದಿಲ್ಲ.

ಎಲ್ಲ ಮಾಡಿಯೂ ಎದುರಿನವರು ಬಾರದಿದ್ದರೆ? ‘ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ’ ಎಂದು ರೋಮಾ 12:18 ಎರಡೆರಡು ಗಡಿ ಹಾಕಿದೆ. ಅದನ್ನು ಬರೆದ ಪೌಲನೇ ಮಾರ್ಕನನ್ನು ಪ್ರಯಾಣಕ್ಕೆ ಕರೆದೊಯ್ಯುವ ವಿಷಯದಲ್ಲಿ ತನ್ನ ಜೊತೆ ಕೆಲಸದವನಾದ ಬಾರ್ನಬನೊಂದಿಗೆ ತೀಕ್ಷ್ಣವಾಗಿ ವಾದಿಸಿ, ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು (ಅಪೊಸ್ತಲರ ಕೃತ್ಯಗಳು 15:39). ಆದರೂ ಮುಂದೆ ಕೊರಿಂಥದವರಿಗೆ ಬರೆಯುವಾಗ ಅವನು ಬಾರ್ನಬನನ್ನು ತನ್ನ ಸಾಲಿನಲ್ಲೇ ನಿಲ್ಲಿಸಿ ಮಾತಾಡುತ್ತಾನೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಯಾರಿಂದಾಗಿ ಆ ಜಗಳ ಹುಟ್ಟಿತೋ ಆ ಮಾರ್ಕನನ್ನೇ ಕರೆದುಕೊಂಡು ಬಾ, ಅವನು ನನ್ನ ಸೇವೆಗೆ ಬೇಕು ಎನ್ನುತ್ತಾನೆ.