ಬೆಕ್ಕಿಗೆ ಜ್ವರ ಬಂದರೆ ಅರ್ಧ ಪ್ಯಾರಾಸಿಟಮಾಲ್ ಕೊಡಬಹುದೇ?

ಪ್ರಶ್ನೆ: ನಮ್ಮ ಬೆಕ್ಕಿನ ಮೈ ಮುಟ್ಟಿದರೆ ಬಿಸಿ, ಮೂಗೂ ಒಣಗಿದೆ. ಜ್ವರವೇ ಇರಬೇಕು, ಅರ್ಧ ಪ್ಯಾರಾಸಿಟಮಾಲ್ ಮಾತ್ರೆ ಪುಡಿ ಮಾಡಿ ಕೊಡಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ದಯವಿಟ್ಟು ಕೊಡಬೇಡಿ. ಅರ್ಧವೂ ಬೇಡ, ಕಾಲೂ ಬೇಡ, ಮಕ್ಕಳ ಸಿರಪ್ಪೂ ಬೇಡ. ಈ ಸಲಹೆ ಬೆಕ್ಕಿನ ಪ್ರಾಣ ತೆಗೆಯುತ್ತದೆ.

ಅದಕ್ಕೆ ಜ್ವರವಿದೆ ಎಂಬುದೇ ಇನ್ನೂ ಖಚಿತವಿಲ್ಲ. ನಮ್ಮ ಮೈಯ ಉಷ್ಣಾಂಶ 98.6 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿದ್ದರೆ ಆರೋಗ್ಯವಾಗಿರುವ ಬೆಕ್ಕಿನದು ಸುಮಾರು 100.5ರಿಂದ 102.5. ಹಾಗಾಗಿ ಅದರ ಕಿವಿ, ಹೊಟ್ಟೆ ನಮ್ಮ ಕೈಗೆ ಯಾವಾಗಲೂ ಬೆಚ್ಚಗೇ ತಾಗುತ್ತವೆ. ನಿದ್ದೆ ಮಾಡಿ ಎದ್ದಾಗ, ಬಿಸಿಲು ಕಾಯಿಸಿಕೊಂಡಾಗ ಮೂಗು ಒಣಗುವುದೂ ಸಹಜ. ಜ್ವರ ತಿಳಿಯಲು ಥರ್ಮಾಮೀಟರೇ ಬೇಕು.

ಜ್ವರ ಇದ್ದರೂ ಅದಕ್ಕೊಂದು ಕಾರಣವಿರುತ್ತದೆ. ಹೊರಗೆ ತಿರುಗುವ ಬೆಕ್ಕುಗಳಲ್ಲಿ ಜಗಳದ ಕಡಿತ ಸಾಮಾನ್ಯ. ಹಲ್ಲು ಊರಿದ ಸಣ್ಣ ತೂತು ಬೇಗ ಮುಚ್ಚಿಕೊಂಡು ಒಳಗೆ ಕೀವು ಕಟ್ಟುತ್ತದೆ. ಕೂದಲಿನ ಅಡಿಯಲ್ಲಿ ಅದು ಕಣ್ಣಿಗೆ ಬೀಳುವುದೂ ಇಲ್ಲ. ಅಂಥ ಗಾಯಕ್ಕೆ ಜ್ವರದ ಮಾತ್ರೆ ಏನು ಮಾಡೀತು?

ಇನ್ನು ಮಾತ್ರೆಯ ವಿಷಯ. ಮನುಷ್ಯರ ಯಕೃತ್ತು ಪ್ಯಾರಾಸಿಟಮಾಲನ್ನು ಬಹುಮಟ್ಟಿಗೆ ನಿರಪಾಯಕಾರಿಯಾಗಿ ಮಾರ್ಪಡಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಅದಕ್ಕೆ ಬೇಕಾದ ಕಿಣ್ವ ಬೆಕ್ಕಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಔಷಧ ಬೇರೆ ದಾರಿ ಹಿಡಿದು ವಿಷವಾಗುತ್ತದೆ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದ ಮೆಥೆಮೊಗ್ಲೋಬಿನ್ ಆಗಿ ಬದಲಾಗುತ್ತದೆ. ಗುಲಾಬಿ ಬಣ್ಣದ ಒಸಡು ಕಂದು ಅಥವಾ ನೀಲಿಗೆ ತಿರುಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ, ಬೆಕ್ಕು ಏದುಸಿರು ಬಿಡುತ್ತದೆ. ಇದೆಲ್ಲ ಕೆಲವೇ ಗಂಟೆಗಳಲ್ಲಿ ಶುರುವಾಗಬಹುದು. ಲೆಕ್ಕ ಹಾಕಿ ನೋಡಿ: 500 ಮಿಲಿಗ್ರಾಂ ಮಾತ್ರೆಯ ಅರ್ಧವೆಂದರೆ ನಾಲ್ಕು ಕಿಲೋ ತೂಕದ ಬೆಕ್ಕಿಗೆ ಕಿಲೋಗೆ 60 ಮಿಲಿಗ್ರಾಂ ದಾಟುತ್ತದೆ. ಕಿಲೋಗೆ 10 ಮಿಲಿಗ್ರಾಂನಷ್ಟಕ್ಕೇ ವಿಷವೇರಿದ ಉದಾಹರಣೆಗಳಿವೆ.

ಹೀಗಿದ್ದೂ ಈ ಸಲಹೆ ಏಕೆ ಸಾಯುವುದಿಲ್ಲ ಎಂದು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ‘ನಮ್ಮ ನಾಯಿಗೆ ಕೊಟ್ಟಿದ್ದೆವು, ಏನೂ ಆಗಲಿಲ್ಲ’ ಎಂಬ ಮಾತು ಸುಳ್ಳೇನಲ್ಲ. ಪಶುವೈದ್ಯರು ಕೆಲವೊಮ್ಮೆ ತೂಕ ನೋಡಿ ನಾಯಿಗೆ ಅದನ್ನು ಬರೆದುಕೊಡುವುದುಂಟು, ಪ್ರಮಾಣ ಮೀರಿದರೆ ನಾಯಿಗೂ ಅಪಾಯವೇ. ಆದರೆ ಆ ಮಾತು ಬಾಯಿಂದ ಬಾಯಿಗೆ ದಾಟುತ್ತ ಬೆಕ್ಕಿನವರೆಗೂ ಬಂದುಬಿಡುತ್ತದೆ. ಬದುಕಿದ ಪ್ರಾಣಿಯ ಮನೆಯವರು ಧೈರ್ಯವಾಗಿ ಸಲಹೆ ಕೊಡುತ್ತಾರೆ, ಬೆಕ್ಕನ್ನು ಕಳೆದುಕೊಂಡವರು ‘ಜ್ವರ ಜೋರಾಗಿ ಹೋಯಿತು’ ಎಂದುಕೊಂಡು ಅಳುತ್ತಾರೆ. ಕೊಂದದ್ದು ಮಾತ್ರೆ ಎಂದು ಅವರಿಗೆ ಗೊತ್ತೇ ಆಗುವುದಿಲ್ಲ, ಹಾಗಾಗಿ ಇನ್ನೊಬ್ಬರನ್ನು ಎಚ್ಚರಿಸುವವರೂ ಇರುವುದಿಲ್ಲ. ಉಣ್ಣಿ, ಚಿಗಟಕ್ಕೆಂದು ನಾಯಿಯ ಬೆನ್ನಿಗೆ ಬಿಡುವ, ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಔಷಧವನ್ನು ಬೆಕ್ಕಿಗೆ ‘ಸ್ವಲ್ಪವೇ’ ಹಚ್ಚುವುದೂ ಇದೇ ತಪ್ಪು. ಅದರಿಂದ ಬೆಕ್ಕು ನಡುಗಿ, ಸೆಟೆದುಕೊಂಡು ಸಾಯಬಹುದು.

ನಿಮ್ಮ ಬೆಕ್ಕು ಉಣ್ಣದೆ ಮೂಲೆ ಸೇರಿದ್ದರೆ ಇಂದೇ ಪಶುವೈದ್ಯರಿಗೆ ತೋರಿಸಿ. ಮಾತ್ರೆ ಈಗಾಗಲೇ ಹೊಟ್ಟೆ ಸೇರಿದ್ದರೆ ಒಸಡಿನ ಬಣ್ಣ ಬದಲಾಗಲೆಂದು ಕಾಯಬೇಡಿ, ಆ ಕ್ಷಣವೇ ಹೊರಡಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ, ಉಪ್ಪೇ ಇನ್ನೊಂದು ವಿಷವಾದೀತು. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ, ಬೇಗ ಕೊಟ್ಟಷ್ಟೂ ಬೆಕ್ಕು ಉಳಿಯುವ ಸಾಧ್ಯತೆ ಹೆಚ್ಚು. ಮಾತ್ರೆಯ ಸ್ಟ್ರಿಪ್ಪನ್ನು ಜೊತೆಗೆ ಒಯ್ಯಿರಿ. ಬೈಯುತ್ತಾರೆಂದು ಅಂಜದೆ, ಎಷ್ಟು ಗಂಟೆಗೆ ಎಷ್ಟು ಕೊಟ್ಟಿರಿ ಎಂಬುದನ್ನು ವೈದ್ಯರಿಗೆ ಇದ್ದಂತೆ ಹೇಳಿ.