ಯುಕೆ ವೀಸಾದಲ್ಲಿ ಪ್ಯಾರಿಸ್‌ಗೆ ಬಿಡಲ್ವಂತೆ, ಬ್ರೆಕ್ಸಿಟ್‌ನಿಂದಾನಾ?

ಪ್ರಶ್ನೆ: "ಸರ್, ಬೇಸಿಗೆಗೆ ಅಪ್ಪ ಅಮ್ಮ ಲಂಡನ್‌ಗೆ ಬರ್ತಿದ್ದಾರೆ, ಯುಕೆ ವಿಸಿಟರ್ ವೀಸಾ ಸಿಕ್ಕಿದೆ. ಹಂಗೇ ಪ್ಯಾರಿಸ್, ಸ್ವಿಸ್ ತೋರಿಸ್ಕೊಂಡು ಬರೋಣ ಅಂತಿದೀನಿ. ಬ್ರೆಕ್ಸಿಟ್ ಆದ್ಮೇಲೆ ಯುಕೆ ವೀಸಾದಲ್ಲಿ ಯುರೋಪ್‌ಗೆ ಬಿಡಲ್ಲ ಅಂತಾರಲ್ಲ, ನಿಜಾನಾ?"

ಬಿಡಲ್ಲ, ನಿಜ. ಆದ್ರೆ ಬ್ರೆಕ್ಸಿಟ್‌ಗಿಂತ, ಅಂದ್ರೆ ಬ್ರಿಟನ್ ಯುರೋಪಿಯನ್ ಯೂನಿಯನ್ ಬಿಟ್ಟು ಆಚೆ ಬರೋದಕ್ಕಿಂತ, ಮುಂಚೇನೂ ಬಿಡ್ತಿರ್ಲಿಲ್ಲ. ಅರ್ಜೆಂಟ್ ಇರೋರು ಇಲ್ಲಿಗೇ ನಿಲ್ಸಿ ಶೆಂಗೆನ್ ವೀಸಾ (ತಮ್ಮ ನಡುವೆ ಗಡಿ ಚೆಕ್ ತೆಗೆದಿರೋ ಯುರೋಪ್ ದೇಶಗಳಿಗೆಲ್ಲ ಸೇರಿ ಒಂದೇ ವೀಸಾ) ಫಾರ್ಮ್ ತುಂಬೋಕೆ ಹೋಗಿ. ಉಳಿದೋರಿಗೆ ಪೂರ್ತಿ ಹೇಳ್ತೀನಿ, ಯಾಕಂದ್ರೆ ಇದಕ್ಕೆ ಉತ್ತರ ಬರ್ದು ಬರ್ದು ಸಾಕಾಗಿದೆ, ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಕಳಿಸೋದು ಅಂತ ಡಿಸೈಡ್ ಮಾಡಿದೀನಿ.

ಯುರೋಪಿಯನ್ ಯೂನಿಯನ್ ಬೇರೆ, ಶೆಂಗೆನ್ ಬೇರೆ. ಊರಲ್ಲಿ ಹಾಲಿನ ಡೈರಿ ಮೆಂಬರ್‌ಶಿಪ್ಪೇ ಬೇರೆ, ಸೊಸೈಟಿ ಮೆಂಬರ್‌ಶಿಪ್ಪೇ ಬೇರೆ ಅಲ್ವಾ, ಸುಮಾರು ಜನ ಎರಡರಲ್ಲೂ ಇರ್ತಾರೆ ಅಂತ ಎರಡೂ ಒಂದೇ ಆಗಿಬಿಡಲ್ಲ. ಗಡಿಯಲ್ಲಿ ಪಾಸ್‌ಪೋರ್ಟ್ ಚೆಕ್ ತೆಗೆಯೋಣ ಅಂತ 1985ರಲ್ಲಿ ಲಕ್ಸೆಂಬರ್ಗ್‌ನ ಶೆಂಗೆನ್ ಅನ್ನೋ ಹಳ್ಳಿ ಹತ್ರ ಐದು ದೇಶ ಸಹಿ ಹಾಕಿದ್ವು, 1995ರಲ್ಲಿ ಜಾರಿಗೆ ಬಂತು. ಬ್ರಿಟನ್ ಯುರೋಪಿಯನ್ ಯೂನಿಯನ್‌ನ ಹಿಂದಿನ ಒಕ್ಕೂಟದೊಳಗೆ ಹೋಗಿದ್ದು 1973ರಲ್ಲೇ, ಆದ್ರೆ ಈ ಗಡಿ ತೆಗೆಯೋ ವಿಷ್ಯಕ್ಕೆ ಮಾತ್ರ ಕೊನೇವರೆಗೂ ಒಪ್ಪಲೇ ಇಲ್ಲ. ಶೆಂಗೆನ್ ಒಪ್ಪಂದಾನ ಯೂನಿಯನ್ನಿನ ಕಾನೂನೊಳಗೆ ತಂದಿದ್ದು 1997ರ ಆಮ್‌ಸ್ಟರ್‌ಡ್ಯಾಮ್ ಒಪ್ಪಂದ, ಅದರಲ್ಲೂ ಬ್ರಿಟನ್ ಐರ್ಲೆಂಡನ್ನ ಜೊತೆಗಿಟ್ಕೊಂಡು ನಾವು ಹೊರಗೇ ಇರ್ತೀವಿ ಅಂತ ಬರೆಸ್ಕೊಳ್ತು. ಸೇರದೇ ಇರೋ ಜಾಗದಿಂದ ಆಚೆ ಬರೋದು ಹೆಂಗೆ ಮಾರಾಯ್ರೆ?

ನೀವೇ ಹೇಳಿರೋ ಸ್ವಿಸ್ ತಗೊಳ್ಳಿ, ಅದು ಯುರೋಪಿಯನ್ ಯೂನಿಯನ್‌ನಲ್ಲೇ ಇಲ್ಲ, ಆದ್ರೂ ಶೆಂಗೆನ್ ವೀಸಾದಲ್ಲಿ ಆರಾಮಾಗಿ ಹೋಗ್ಬಹುದು, ನಾರ್ವೆ, ಐಸ್‌ಲೆಂಡೂ ಹಂಗೇ. ಐರ್ಲೆಂಡ್ ಉಲ್ಟಾ, ಯೂನಿಯನ್ ಒಳಗಿದೆ, ಶೆಂಗೆನ್ ಒಳಗಿಲ್ಲ.

ಇನ್ನೂ ನಂಬಿಕೆ ಬರ್ಲಿಲ್ಲ ಅಂದ್ರೆ ಲಂಡನ್‌ನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ ನೋಡಿ. ಪ್ಯಾರಿಸ್‌ಗೆ ಹೋಗೋ ಯೂರೋಸ್ಟಾರ್ ರೈಲು ಹತ್ತೋಕೆ ಮುಂಚೆ ಸೆಕ್ಯುರಿಟಿ ದಾಟಿದ್ಮೇಲೆ ಗಾಜಿನ ಬೂತ್‌ಗಳಲ್ಲಿ ಕೂತಿರೋರು ಫ್ರಾನ್ಸ್ ಪೊಲೀಸ್ರು, ಇಂಗ್ಲೆಂಡ್ ನೆಲದ ಮೇಲೆ ಕೂತ್ಕೊಂಡೇ ನಿಮ್ಮ ಪಾಸ್‌ಪೋರ್ಟ್ ನೋಡ್ತಾರೆ. ಬ್ರೆಕ್ಸಿಟ್ ಆದ್ಮೇಲೆ ತಂದು ಕೂರಿಸಿದ್ದಲ್ಲ ಸ್ವಾಮಿ, 2010ರಲ್ಲೂ ಅಲ್ಲಿ ಭಾರತದ ಪಾಸ್‌ಪೋರ್ಟ್ ಇರೋರು ಶೆಂಗೆನ್ ವೀಸಾ ಸ್ಟಿಕ್ಕರ್ ತೋರಿಸ್ಲೇಬೇಕಿತ್ತು.

ಹಂಗಾದ್ರೆ ಈ ಕಥೆ ಹುಟ್ಟಿದ್ದೆಲ್ಲಿ? ನಂಗನ್ಸೋದು, ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡಿರೋ ನಮ್ಮ ಅಂಕಲ್‌ಗಳಿಂದ. "ಆಗ ನಾವು ಸುಮ್ನೆ ಕಾರ್ ಹತ್ತಿ ಫ್ರಾನ್ಸ್‌ಗೆ ಹೋಗ್ತಿದ್ವಪ್ಪಾ" ಅಂತಾರೆ, ಸುಳ್ಳೇನಲ್ಲ, ಆದ್ರೆ ಅವ್ರು ಹೋಗಿದ್ದು ಪೌರತ್ವದ ಮೇಲೆ, ವೀಸಾ ಮೇಲಲ್ಲ. ಈಗಲೂ ಅವ್ರಿಗೆ ವೀಸಾ ಬೇಡ, 180 ದಿನದಲ್ಲಿ 90 ದಿನ ಮಾತ್ರ ಇರ್ಬಹುದು ಅನ್ನೋ ಲೆಕ್ಕ ಬಂದಿದೆ ಅಷ್ಟೇ. ಯೂನಿಯನ್ ದೇಶದೋರನ್ನ ಮದ್ವೆ ಆಗಿ, ಆ ಸಂಬಂಧದ ಮೇಲೆ ಬ್ರಿಟನ್ ಕೊಟ್ಟ ರೆಸಿಡೆನ್ಸ್ ಕಾರ್ಡ್ ಇಟ್ಕೊಂಡಿದ್ದೋರಿಗೆ ಗಂಡನ ಜೊತೆನೋ ಹೆಂಡ್ತಿ ಜೊತೆನೋ ಹೋಗೋಕೆ ಒಂದು ವಿನಾಯಿತಿ ಇತ್ತು, ಅದು ಎಲ್ರಿಗೂ ಇತ್ತು ಅಂತ ಆಗ್ಬಿಟ್ಟಿದೆ. ಬ್ರೆಕ್ಸಿಟ್‌ನಿಂದ ಪೌಂಡ್ ವಾಪಸ್ ಬಂತು ಅನ್ನೋರನ್ನೂ ನೋಡಿದೀನಿ. ಬ್ರಿಟನ್ ಪೌಂಡ್ ಬಿಟ್ಟು ಯೂರೋ ತಗೊಂಡಿದ್ದೇ ಇಲ್ಲ, ವಾಪಸ್ ಬರೋದೆಲ್ಲಿಂದ!

ಈಗ ನಿಮ್ಮ ಕೆಲಸಕ್ಕೆ ಬೇಕಾಗಿದ್ದು. ಅಪ್ಪ ಅಮ್ಮನ ಶೆಂಗೆನ್ ವೀಸಾ ಅವ್ರು ಫ್ಲೈಟ್ ಹತ್ತೋ ಮುಂಚೆ ಭಾರತದಲ್ಲೇ ಮಾಡಿಸಿ, ಯಾಕಂದ್ರೆ ಅರ್ಜಿ ಹಾಕ್ಬೇಕಾಗಿದ್ದು ವಾಸ ಇರೋ ದೇಶದಿಂದ, ಲಂಡನ್‌ಗೆ ವಿಸಿಟರ್ ಆಗಿ ಬಂದ್ಮೇಲೆ ಅಲ್ಲಿ ಸಾಮಾನ್ಯವಾಗಿ ತಗೊಳ್ಳಲ್ಲ. ಜಾಸ್ತಿ ದಿನ ಎಲ್ಲಿರ್ತೀರೋ ಆ ದೇಶಕ್ಕೆ ಹಾಕಿ. ಟ್ರಿಪ್‌ಗೆ ಆರು ತಿಂಗಳು ಮುಂಚೆಯಿಂದ ಹಾಕ್ಬಹುದು, ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಕೊನೇ ವಾರಕ್ಕೆ ಇಟ್ಕೋಬೇಡಿ.

ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ: ಬ್ರೆಕ್ಸಿಟ್‌ನಿಂದ ನಿಜವಾಗ್ಲೂ ಬಾಗಿಲು ಮುಚ್ಚಿದ್ದು ನಮ್ಮ ಪಕ್ಕದ ಗೋವಾದೋರಿಗೆ. 1961ರ ಡಿಸೆಂಬರ್ 19ಕ್ಕಿಂತ ಮುಂಚೆ, ಅಂದ್ರೆ ಗೋವಾ ಪೋರ್ಚುಗಲ್ ಕೈಲಿದ್ದಾಗ ಅಲ್ಲಿ ಹುಟ್ಟಿದೋರು, ಅವ್ರ ಮಕ್ಕಳು ಮೊಮ್ಮಕ್ಕಳು ಪೋರ್ಚುಗಲ್ ಪೌರತ್ವ ತಗೋಬಹುದು. ಪೋರ್ಚುಗಲ್ ಯೂನಿಯನ್ ದೇಶ, ಹಂಗಾಗಿ ಯೂನಿಯನ್‌ನ ಯಾವ ದೇಶದಲ್ಲಾದ್ರೂ ಕೆಲ್ಸ ಮಾಡ್ಬಹುದು; ಆ ಪಾಸ್‌ಪೋರ್ಟ್ ಹಿಡ್ಕೊಂಡು ಸಾವಿರಾರು ಜನ ಹೋಗಿದ್ದು ಲಿಸ್ಬನ್‌ಗಲ್ಲ, ಇಂಗ್ಲೆಂಡ್‌ಗೆ. ಸ್ವಿಂಡನ್ ಅನ್ನೋ ಊರಲ್ಲಿ ದೊಡ್ಡ ಗೋವನ್ ಸಮುದಾಯಾನೇ ಇದೆ. ನಮ್ಮಲ್ಲಿ ಎರಡೆರಡು ಪೌರತ್ವ ಇಟ್ಕೊಳ್ಳೋ ಹಂಗಿಲ್ವಲ್ಲ, ಹಂಗಾಗಿ ಭಾರತದ ಪಾಸ್‌ಪೋರ್ಟ್ ಸರೆಂಡರ್ ಮಾಡಿ ಹೋಗಿದ್ದು. 2020 ಜನವರಿ 31ಕ್ಕೆ ಬ್ರಿಟನ್ ಆಚೆ ಬಂತು, ಓಡಾಟದ ಹಳೇ ರೂಲ್ಸ್ ಆ ವರ್ಷದ ಡಿಸೆಂಬರ್ 31ರವರೆಗೆ ನಡೀತು. ಅಷ್ಟರೊಳಗೆ ಅಲ್ಲಿ ನೆಲೆಸಿದ್ದೋರಿಗೆ ಅಲ್ಲೇ ಮುಂದುವರಿಯೋಕೆ ಸೆಟಲ್‌ಮೆಂಟ್ ಸ್ಕೀಮ್ ಕೊಟ್ರು, ಅರ್ಜಿಗೆ 2021 ಜೂನ್ 30 ಕೊನೇ ದಿನ. ಈಗ ಹೊಸದಾಗಿ ಪೋರ್ಚುಗಲ್ ಪಾಸ್‌ಪೋರ್ಟ್ ಮಾಡಿಸ್ಕೊಂಡೋರು ಪ್ಯಾರಿಸ್‌ನಲ್ಲೋ ಬರ್ಲಿನ್‌ನಲ್ಲೋ ವೀಸಾ ಇಲ್ದೇ ಕೆಲ್ಸ ಹುಡುಕ್ಬಹುದು, ಅಣ್ಣನೋ ಅತ್ತಿಗೆನೋ ಇರೋ ಸ್ವಿಂಡನ್‌ನಲ್ಲಿ ಕೆಲ್ಸ ಮಾಡ್ಬೇಕು ಅಂದ್ರೆ ಮಾತ್ರ ನಮ್ಮ ಹುಬ್ಬಳ್ಳಿ ಹುಡುಗ್ರ ಥರಾನೇ ಸ್ಪಾನ್ಸರ್ ಹುಡುಕಿ ವರ್ಕ್ ವೀಸಾಗೆ ಅರ್ಜಿ ಹಾಕ್ಬೇಕು.